ಕ್ಲೌಡ್ ಬೇಡ, ವೀಡಿಯೊ ಮನೆ ದಾಟಬಾರದು: 20 ಸಾವಿರದೊಳಗೆ 3 ಕ್ಯಾಮೆರಾ ಹೇಗೆ?

ಅಡಿಕೆ_ಅಂಗಳ

ಸಾಗರದ ಹತ್ತಿರದ ಹಳ್ಳಿ ಮನೆಗೆ 3 ಕ್ಯಾಮೆರಾ ಹಾಕಬೇಕು. ಒಂದು ಗೇಟಿಗೆ, ಒಂದು ಅಡಿಕೆ ಒಣಗಿಸುವ ಅಂಗಳಕ್ಕೆ, ಇನ್ನೊಂದು ಕೊಟ್ಟಿಗೆಗೆ. ಕೊಟ್ಟಿಗೆ ಬೇರೆ ಕಟ್ಟಡ, ವೈರ್ ಓಡಿಸಿದರೆ 35 ಮೀಟರ್ ಆಗುತ್ತೆ.

ವೀಡಿಯೊ ಯಾವ ಕಂಪನಿಯ ಸರ್ವರಿಗೂ ಹೋಗಬಾರದು. ತಿಂಗಳ ಚಂದಾ ಇರಬಾರದು. ಮಳೆಗಾಲದಲ್ಲಿ ಫೈಬರ್ ಮೇಲೆ ಮರ ಬಿದ್ದರೆ ಇಂಟರ್ನೆಟ್ ದಿನಗಟ್ಟಲೆ ಇರಲ್ಲ, ಆಗಲೂ ರೆಕಾರ್ಡಿಂಗ್ ನಡೀತಿರಬೇಕು. 15 ದಿನದ್ದು ಉಳಿದರೆ ಸಾಕು. ಮನೆಯೊಳಗೆ ಫೋನಿನಲ್ಲಿ ನೋಡೋ ಹಾಗಿರಬೇಕು, ಊರ ಹೊರಗಿಂದ ನೋಡೋದು ಆದರೆ ಸಂತೋಷ.

ಕೈಯಲ್ಲಿರೋದು: ಆಫೀಸಿನವರು ಮಾರಿದ ಹಳೆಯ ಡೆಸ್ಕ್‌ಟಾಪ್ (6ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್), ಐಎಸ್‌ಪಿ ಕೊಟ್ಟ ರೂಟರ್, ಮನೆಗೆ ಇನ್ವರ್ಟರ್. ಲಿನಕ್ಸ್ ಇನ್‌ಸ್ಟಾಲ್ ಮಾಡೋಕೆ ಬರುತ್ತೆ, ನೆಟ್‌ವರ್ಕಿಂಗ್ ಅಷ್ಟಕ್ಕಷ್ಟೆ.

ಅಂಗಡಿಯವರು ವೈಫೈ ಕ್ಯಾಮೆರಾ ತೋರಿಸಿ "ಕ್ಲೌಡ್ ಆಫ್ ಮಾಡಿದ್ರೆ ಆಯ್ತು" ಅಂತಾರೆ. ರೂಟರ್‌ನಲ್ಲಿ ಆ ಕ್ಯಾಮೆರಾಕ್ಕೆ ಇಂಟರ್ನೆಟ್ ಬ್ಲಾಕ್ ಮಾಡಿಬಿಟ್ಟರೆ ಸಾಕಲ್ವಾ?

ಪೋರ್ಟ್554

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಸಾಕಾಗಲ್ಲ.

ರೂಟರಿನ ಪೇರೆಂಟಲ್ ಕಂಟ್ರೋಲ್ (ಒಂದೊಂದು ಸಾಧನಕ್ಕೆ ಇಂಟರ್ನೆಟ್ ತಡೆಯೋ ಸೌಲಭ್ಯ) ಎಷ್ಟೋ ಮಾಡೆಲ್‌ಗಳಲ್ಲಿ ಐಪಿವಿ4ಗೆ, ಅಂದರೆ ಹಳೆಯ ಬಗೆಯ ಇಂಟರ್ನೆಟ್ ವಿಳಾಸಕ್ಕೆ ಮಾತ್ರ ಕೆಲಸ ಮಾಡುತ್ತೆ. ಫೈಬರ್ ಕನೆಕ್ಷನ್ನಿನಲ್ಲಿ ಹೊಸ ಬಗೆಯ ಐಪಿವಿ6 ಕೂಡ ಬರುತ್ತಿದ್ದರೆ ಕ್ಯಾಮೆರಾ ಆ ಬಾಗಿಲಿಂದ ಆರಾಮಾಗಿ ಹೊರಗೆ ಹೋಗುತ್ತೆ. ಕ್ಯಾಮೆರಾದಲ್ಲಿ ಗೇಟ್‌ವೇ (ಹೊರಗೆ ಹೋಗೋ ಬಾಗಿಲಿನ ವಿಳಾಸ) ಖಾಲಿ ಬಿಟ್ಟರೂ ಅಷ್ಟೇ, ಅದು ಐಪಿವಿ4 ದಾರಿಯನ್ನು ಮಾತ್ರ ಮುಚ್ಚುತ್ತೆ. ಐಪಿವಿ6 ವಿಳಾಸವನ್ನೂ ದಾರಿಯನ್ನೂ ಕ್ಯಾಮೆರಾ ರೂಟರಿಂದ ತಾನೇ ಕೇಳಿ ಪಡೆಯುತ್ತೆ. ಇನ್ನು ಗೆಸ್ಟ್ ವೈಫೈ ನಿಮಗೆ ಬೇಕಾದ್ದರ ಪೂರ್ತಿ ಉಲ್ಟಾ: ಅಲ್ಲಿ ಇಂಟರ್ನೆಟ್ ಇರುತ್ತೆ, ಮನೆ ಒಳಗಿನ ಸಂಪರ್ಕ ಇರಲ್ಲ.

ಹಾಗಾಗಿ ಕ್ಯಾಮೆರಾವನ್ನು ತಡೆಯೋ ಯೋಚನೆ ಬಿಡಿ. ಹೊರಗೆ ದಾರಿಯೇ ಇಲ್ಲದ ನೆಟ್‌ವರ್ಕ್ ಒಂದನ್ನು ಮಾಡಿ ಅದರಲ್ಲಿ ಕ್ಯಾಮೆರಾ ಇಡಿ. ನಿಮ್ಮ ಹತ್ರ ಡೆಸ್ಕ್‌ಟಾಪ್ ಇರೋದರಿಂದ ಇದು ಸುಲಭ, ವಿಎಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ಹೋಳು ಮಾಡೋದು) ಗಿಎಲ್ಯಾನ್ ಏನೂ ಬೇಡ. ಡೆಸ್ಕ್‌ಟಾಪಿಗೆ ಇನ್ನೊಂದು ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಹಾಕಿ. ಬೋರ್ಡಿನಲ್ಲೇ ಇರೋ ಪೋರ್ಟ್ ರೂಟರಿಗೆ, ಹೊಸ ಕಾರ್ಡಿನ ಪೋರ್ಟ್ ಒಂದು ಪಿಒಇ ಸ್ವಿಚ್ಚಿಗೆ (ನೆಟ್‌ವರ್ಕ್ ವೈರಿನಲ್ಲೇ ಕರೆಂಟನ್ನೂ ಕೊಡೋದು), ಸ್ವಿಚ್ಚಿಂದ ಕ್ಯಾಮೆರಾಗಳಿಗೆ. ಸ್ವಿಚ್ಚಿಗೂ ರೂಟರಿಗೂ ನಡುವೆ ವೈರ್ ಇಲ್ಲ. ಎರಡೂ ಕಡೆ ಕಾಲಿಟ್ಟಿರೋದು ಡೆಸ್ಕ್‌ಟಾಪ್ ಒಂದೇ.

ವಿಳಾಸಗಳು ಹೀಗಿರಲಿ. ಮನೆಯ ರೂಟರ್ ಸಾಮಾನ್ಯವಾಗಿ 192.168.1 ಅಥವಾ 192.168.29 ಸರಣಿಯಲ್ಲಿರುತ್ತೆ. ಕ್ಯಾಮೆರಾ ಕಡೆಗೆ ಬೇರೆಯದು ಇಟ್ಟುಕೊಳ್ಳಿ, ಉದಾಹರಣೆಗೆ 192.168.50. ಡೆಸ್ಕ್‌ಟಾಪಿನ ಎರಡನೇ ಕಾರ್ಡಿಗೆ 192.168.50.1, ಮಾಸ್ಕ್ 255.255.255.0. ಈ ಕಾರ್ಡಿಗೆ ಗೇಟ್‌ವೇ ಹಾಕಲೇಬಾರದು. ಹಾಕಿದರೆ ಯಂತ್ರಕ್ಕೆ ಎರಡು ಡೀಫಾಲ್ಟ್ ದಾರಿಗಳಾಗಿ ಡೆಸ್ಕ್‌ಟಾಪಿನ ಇಂಟರ್ನೆಟ್ಟೇ ಇದ್ದಕ್ಕಿದ್ದ ಹಾಗೆ ನಿಲ್ಲುತ್ತೆ, ಜನ ಆಗ ರೂಟರ್ ರೀಸ್ಟಾರ್ಟ್ ಮಾಡ್ತಾ ಕೂರ್ತಾರೆ. ಕ್ಯಾಮೆರಾಗಳಿಗೆ .11, .12, .13. ಕೆಲವು ಕ್ಯಾಮೆರಾಗಳ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಗೇಟ್‌ವೇ ಖಾಲಿ ಬಿಡೋಕೆ ಒಪ್ಪಲ್ಲ, ಅಂಥದ್ದಕ್ಕೆ 192.168.50.1 ಅಂತಲೇ ಕೊಡಿ.

ಹೊಸ ಕ್ಯಾಮೆರಾಕ್ಕೆ ವಿಳಾಸ ಕೊಡೋದು ಹೇಗೆ? ಹಿಕ್‌ವಿಷನ್ ಡಬ್ಬಿಯಿಂದ ಬರುವಾಗ 192.168.1.64ರಲ್ಲಿರುತ್ತೆ, ದಹುವಾ 192.168.1.108ರಲ್ಲಿ. ಎರಡನೇ ಕಾರ್ಡಿಗೆ ತಾತ್ಕಾಲಿಕವಾಗಿ 192.168.1.10 ಕೊಡಿ, ರೂಟರಿನ ವೈರನ್ನು ಆ ಹೊತ್ತಿಗೆ ಕಿತ್ತಿಡಿ. ಇಲ್ಲಾಂದರೆ ಎರಡೂ ಕಡೆ ಒಂದೇ ಸರಣಿ ಆಗಿ ಯಾವ ಕಡೆ ಹೋಗಬೇಕು ಅಂತ ಯಂತ್ರಕ್ಕೇ ಗೊಂದಲ. ಬ್ರೌಸರಿನಲ್ಲಿ ತೆರೆದು ಪಾಸ್‌ವರ್ಡ್ ಇಟ್ಟು ವಿಳಾಸ ಬದಲಿಸಿ. ಒಂದೊಂದೇ ಕ್ಯಾಮೆರಾ ಮಾಡಿ, ಮೂರನ್ನೂ ಒಟ್ಟಿಗೆ ಸಿಕ್ಕಿಸಿದರೆ ಮೂರೂ ಒಂದೇ ವಿಳಾಸದಲ್ಲಿ ಎದ್ದು ಕೂರುತ್ತವೆ. ಒಳಗೆ ಹೋದ ಮೇಲೆ ಯುಪಿಎನ್‌ಪಿ (ರೂಟರಿನಲ್ಲಿ ತಾನೇ ಪೋರ್ಟ್ ತೆರೆಯೋದು) ಆಫ್, ಪಿ2ಪಿ ಅಥವಾ ಪ್ಲಾಟ್‌ಫಾರ್ಮ್ ಆಕ್ಸೆಸ್ (ಕಂಪನಿಯ ಸರ್ವರ್ ಮೂಲಕ ನೋಡೋದು) ಆಫ್. ದಾರಿ ಇಲ್ಲದಿದ್ದರೂ ಇವನ್ನು ಆಫ್ ಮಾಡಿ, ನಾಳೆ ಯಾರೋ ತಪ್ಪು ಪೋರ್ಟಿಗೆ ವೈರ್ ಸಿಕ್ಕಿಸಿದರೆ ಕಾಯೋದು ಇದೇ.

ಪಾಸ್‌ವರ್ಡ್ ಬಗ್ಗೆ ಒಂದು ಮಾತು. 2016ರ ಮಿರಾಯ್ ದಾಳಿ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು (ಕ್ಯಾಮೆರಾ ರೆಕಾರ್ಡರ್) ಹಿಡಿದದ್ದು ಫ್ಯಾಕ್ಟರಿ ಪಾಸ್‌ವರ್ಡ್‌ಗಳಿಂದಲೇ. ಆದರೆ ಉದ್ದದ ಪಾಸ್‌ವರ್ಡ್ ಇಡೋಣ ಅಂತ ಅದರಲ್ಲಿ @ ಅಥವಾ # ಸೇರಿಸಿದರೆ ಆರ್‌ಟಿಎಸ್‌ಪಿ ವಿಳಾಸ (ರೆಕಾರ್ಡರ್ ಕ್ಯಾಮೆರಾದಿಂದ ವೀಡಿಯೊ ಎಳೆಯೋ ದಾರಿ) ಅಲ್ಲೇ ತುಂಡಾಗುತ್ತೆ. ಬ್ರೌಸರಿನಲ್ಲಿ ಲಾಗಿನ್ ಆಗುತ್ತೆ, ರೆಕಾರ್ಡರಿನಲ್ಲಿ ಆಗಲ್ಲ, ಕಾರಣ ಗೊತ್ತಾಗಲ್ಲ. ವಿಳಾಸದೊಳಗೆ @ ಬದಲು %40, # ಬದಲು %23 ಅಂತ ಬರೀಬೇಕು. ಅದಕ್ಕಿಂತ ಅಕ್ಷರ, ಅಂಕಿ ಮಾತ್ರ ಇರುವ 16 ಸ್ಥಾನದ ಪಾಸ್‌ವರ್ಡ್ ಇಟ್ಟರೆ ಕಿರಿಕಿರಿ ಇಲ್ಲ.

ರೆಕಾರ್ಡಿಂಗಿಗೆ ಫ್ರಿಗೇಟ್ ಅನ್ನೋ ಸಾಫ್ಟ್‌ವೇರ್. ಉಚಿತ, ಓಪನ್ ಸೋರ್ಸ್, ಡಾಕರಿನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸೋ ಸಾಫ್ಟ್‌ವೇರ್) ಓಡುತ್ತೆ. ನಿಮ್ಮ 6ನೇ ತಲೆಮಾರಿನ ಇಂಟೆಲ್ ಇದಕ್ಕೆ ಸರಿಯಾಗಿ ಹೊಂದುತ್ತೆ: ವೀಡಿಯೊ ಬಿಚ್ಚೋದು ಒಳಗಿನ ಗ್ರಾಫಿಕ್ಸಿನಲ್ಲಿ, ಮನುಷ್ಯರನ್ನು ಗುರುತಿಸೋದು ಓಪನ್‌ವಿನೋ ಅನ್ನೋ ಇಂಟೆಲ್ ಸಾಫ್ಟ್‌ವೇರ್ ಮೂಲಕ ಅದೇ ಗ್ರಾಫಿಕ್ಸಿನಲ್ಲಿ. ಗುರುತಿಸೋದಕ್ಕೆ ಕೋರಲ್ ಅಂತ ಬೇರೆ ಸಾಧನ ಕೊಳ್ಳೋದು ಬೇಡ. ಪ್ರತಿ ಕ್ಯಾಮೆರಾದಿಂದ ಎರಡು ಸ್ಟ್ರೀಮ್ (ವೀಡಿಯೊ ಹರಿವು) ತಗೊಳ್ಳಿ. ಮುಖ್ಯ ಸ್ಟ್ರೀಮ್ ರೆಕಾರ್ಡಿಂಗಿಗೆ, 640 ಅಗಲದ ಸಬ್ ಸ್ಟ್ರೀಮ್ ಗುರುತಿಸೋದಕ್ಕೆ, ಸೆಕೆಂಡಿಗೆ 5 ಫ್ರೇಮ್ ಸಾಕು. ಎರಡಕ್ಕೂ ಮುಖ್ಯ ಸ್ಟ್ರೀಮೇ ಕೊಟ್ಟು "ಪ್ರೊಸೆಸರ್ 90 ಪರ್ಸೆಂಟ್ ಆಗ್ತಿದೆ" ಅಂತ ಬರೋರೇ ಜಾಸ್ತಿ. ಹಿಕ್‌ವಿಷನ್ನಿನಲ್ಲಿ ಮುಖ್ಯ ಸ್ಟ್ರೀಮಿನ ಆರ್‌ಟಿಎಸ್‌ಪಿ ವಿಳಾಸ 101ರಲ್ಲಿ ಮುಗಿಯುತ್ತೆ, ಸಬ್ 102ರಲ್ಲಿ. ದಹುವಾ ಮತ್ತು ಒಳಗೆ ದಹುವಾದ್ದೇ ಇರುವ ಬೇರೆ ಬ್ರ್ಯಾಂಡುಗಳಲ್ಲಿ ಸಬ್‌ಟೈಪ್ 0 ಮುಖ್ಯ, 1 ಸಬ್. ಎಲ್ಲದಕ್ಕೂ ಪೋರ್ಟ್ 554.

ಕ್ಯಾಮೆರಾದ ವೀಡಿಯೊ ಪುಟದಲ್ಲಿ ಮೂರು ಬದಲಾವಣೆ ಮಾಡಿ. ಎಚ್.264 ಪ್ಲಸ್, ಎಚ್.265 ಪ್ಲಸ್ ಅಂತ ಇರೋ ಸ್ಮಾರ್ಟ್ ಕೋಡೆಕ್ (ವೀಡಿಯೊ ಇನ್ನಷ್ಟು ಕುಗ್ಗಿಸೋ ವಿಧಾನ) ಆಫ್. ಫ್ರೇಮ್ ದರ 15. ಐ ಫ್ರೇಮ್ ಅಂತರವೂ 15, ಅಂದರೆ ಸೆಕೆಂಡಿಗೊಂದು ಪೂರ್ಣ ಚಿತ್ರ. ಸ್ಮಾರ್ಟ್ ಕೋಡೆಕ್ ಆನ್ ಇದ್ದರೆ ಪೂರ್ಣ ಚಿತ್ರಗಳ ಅಂತರ ಅದರ ಮನಸ್ಸಿಗೆ ಬಂದಂತೆ ಹಿಗ್ಗುತ್ತೆ. ಲೈವ್ ತೆರೆಯೋಕೆ ಕಾಯಬೇಕಾಗುತ್ತೆ, ಕ್ಲಿಪ್ಪಿನ ಮೊದಲ ಕೆಲವು ಸೆಕೆಂಡು ಹಾರಿಹೋಗುತ್ತೆ. ಕಳ್ಳ ಗೇಟು ದಾಟೋದು ಆ ಕೆಲವು ಸೆಕೆಂಡಿನಲ್ಲೇ.

ಡಿಸ್ಕ್ ಲೆಕ್ಕ: ಒಂದು ಕ್ಯಾಮೆರಾ 2 ಎಂಬಿಪಿಎಸ್ ಕಳಿಸಿದರೆ ದಿನಕ್ಕೆ 21.6 ಜಿಬಿ. ಮೂರಕ್ಕೆ 64.8 ಜಿಬಿ, 15 ದಿನಕ್ಕೆ 972 ಜಿಬಿ. ಅಂದರೆ 1 ಟಿಬಿ ಡಿಸ್ಕು ಅಂಚಿನಲ್ಲಿ ನಿಲ್ಲುತ್ತೆ, ತುಂಬಿದಾಗ ಫ್ರಿಗೇಟ್ ಹಳೆಯದನ್ನು ಅವಧಿಗೆ ಮೊದಲೇ ಅಳಿಸೋಕೆ ಶುರು ಮಾಡುತ್ತೆ. 2 ಟಿಬಿ ತಗೊಳ್ಳಿ, ಇಲ್ಲವೇ ಎಲ್ಲವನ್ನೂ 4 ದಿನ, ಮನುಷ್ಯರು ಕಂಡ ಭಾಗವನ್ನು ಮಾತ್ರ 15 ದಿನ ಅಂತ ಇಡಿ. ಎರಡನೆಯದೇ ಬುದ್ಧಿವಂತಿಕೆ ಅನ್ನೋದು ನನ್ನ ಅಭಿಪ್ರಾಯ. ಖಾಲಿ ಅಂಗಳದ ಹದಿನೈದು ರಾತ್ರಿಯನ್ನು ಯಾರೂ ಕೂತು ನೋಡಲ್ಲ.

ಕ್ಯಾಮೆರಾ ಕೊಳ್ಳುವಾಗ ಕೇಳಬೇಕಾದ್ದು: ಪಿಒಇ ಇದೆಯಾ (802.3ಎಎಫ್ ಅಂತ ಬರೆದಿರಬೇಕು), ಆನ್‌ವಿಫ್ (ಬೇರೆ ಬೇರೆ ಕಂಪನಿಯ ಸಾಧನಗಳು ಹೊಂದೋ ಹಾಗೆ ಮಾಡೋ ನಿಯಮ) ಇದೆಯಾ, ಆರ್‌ಟಿಎಸ್‌ಪಿ ಇದೆಯಾ. ಬ್ಯಾಟರಿ ಕ್ಯಾಮೆರಾಗಳಲ್ಲಿ ಕೊನೆಯ ಎರಡು ಸಾಮಾನ್ಯವಾಗಿ ಇರಲ್ಲ. 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಸಿಸಿಟಿವಿ ಮಾದರಿಗಳಿಗೆ ಸರ್ಕಾರಿ ಸೆಕ್ಯುರಿಟಿ ಪರೀಕ್ಷೆ ಕಡ್ಡಾಯ ಆಗಿದೆ, ಎಸ್‌ಟಿಕ್ಯೂಸಿ ಪಾಸಾದದ್ದು ತಗೊಳ್ಳಿ. ಪಾಸಾಗಿದೆ ಅಂದರೆ ಕ್ಲೌಡಿಗೆ ಏನೂ ಕಳಿಸಲ್ಲ ಅಂತಲ್ಲ.

ಸರಳರೇಖೆ

ಇಷ್ಟೆಲ್ಲ ಯಾಕೆ? ನಾಲ್ಕು ಪಿಒಇ ಪೋರ್ಟ್ ಇರುವ ಎನ್‌ವಿಆರ್ (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್ ಡಬ್ಬಿ) ಒಂದು ತಂದರೆ ಮುಗೀತು. ಆ ಪೋರ್ಟುಗಳಿಗೆ ಸಿಕ್ಕಿಸಿದ ಕ್ಯಾಮೆರಾಗಳು ಎನ್‌ವಿಆರಿನ ಒಳಗಿನ ನೆಟ್‌ವರ್ಕಿನಲ್ಲೇ ಇರುತ್ತವೆ, ಹಿಕ್‌ವಿಷನ್ನಿನಲ್ಲಿ ಅದು 192.168.254, ದಹುವಾದಲ್ಲಿ 10.1.1. ನೀವು ಕಾರ್ಡ್ ಹಾಕಿ ಮಾಡೋದನ್ನೇ ಅದು ಡಬ್ಬಿಯೊಳಗೆ ಮಾಡಿ ಕೊಟ್ಟಿರುತ್ತೆ. ಎಚ್‌ಡಿಎಂಐ ವೈರ್ ಟಿವಿಗೆ ಹಾಕಿದರೆ ಲ್ಯಾನ್ ವೈರೇ ಬೇಡ. ಮನೆಯಲ್ಲಿರೋ ಹಿರಿಯರು ರಿಮೋಟ್ ಒತ್ತಿ ನೋಡ್ತಾರೆ, ಡಾಕರ್ ಅಂದರೆ ಅವರಿಗೇನು ಗೊತ್ತು.

ಇನ್ನೂ ಅಗ್ಗ ಬೇಕಾ, ಕೋಆಕ್ಸ್ (ಕೇಬಲ್ ಟಿವಿಯಂಥ) ವೈರಿನ ಎಚ್‌ಡಿ ಕ್ಯಾಮೆರಾ ಮತ್ತು ಡಿವಿಆರ್ ಹಾಕಿ. ಆ ಕ್ಯಾಮೆರಾಕ್ಕೆ ಐಪಿ ವಿಳಾಸವೇ ಇಲ್ಲ, ಯಾರಿಗೆ ಏನು ಕಳಿಸುತ್ತೆ?

ಪೋರ್ಟ್554

@ಸರಳರೇಖೆ ಒಪ್ಪತಕ್ಕ ಮಾತು. ಡೆಸ್ಕ್‌ಟಾಪ್ ಇಲ್ಲದವರಿಗೆ ನಾನೂ ಅದನ್ನೇ ಹೇಳೋದು. ಆದರೆ ಫೋನಿನಲ್ಲಿ ನೋಡಬೇಕು ಅಂತ ಎನ್‌ವಿಆರನ್ನು ರೂಟರಿಗೆ ಸಿಕ್ಕಿಸಿದ ಕ್ಷಣ ಪ್ರಶ್ನೆ ಮತ್ತೆ ಮೊದಲಿಗೇ ಬರುತ್ತೆ. ಈಗ ಕಾಯಬೇಕಾದ್ದು ಎನ್‌ವಿಆರನ್ನು, ಅದರ ಫರ್ಮ್‌ವೇರೂ ಅದೇ ಕಂಪನಿಯದ್ದು. ಟಿವಿಗೆ ಮಾತ್ರ ಸಾಕು ಅನ್ನೋರು ಕಣ್ಣು ಮುಚ್ಚಿ ಎನ್‌ವಿಆರ್ ತಗೋಬಹುದು. ಇಲ್ಲಿ ಡೆಸ್ಕ್‌ಟಾಪ್ ಸುಮ್ಮನೆ ಕೂತಿದೆ, ಫೋನೂ ಬೇಕು ಅಂತಿದ್ದಾರೆ.

ಕರೆಂಟಿನ ವಿಷಯದಲ್ಲಿ ಮಾತ್ರ ಎನ್‌ವಿಆರ್ ಗೆಲ್ಲುತ್ತೆ. ಹಳೆ ಡೆಸ್ಕ್‌ಟಾಪ್, ಸ್ವಿಚ್, ಮೂರು ಕ್ಯಾಮೆರಾ ಸೇರಿ 50 ವ್ಯಾಟ್ ಆದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯ ಮಿತಿಯ ಹತ್ತಿರ ಇರೋರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕ್ರಿಂಪಿಂಗ್_ಟೂಲ್

ಸಾಫ್ಟ್‌ವೇರ್ ಮಾತು ಆಯಿತು, ವೈರಿನ ಬಗ್ಗೆ ಯಾರೂ ಹೇಳಲಿಲ್ಲ. ಮಲೆನಾಡಿನಲ್ಲಿ ಕ್ಯಾಮೆರಾ ಸಾಯುವುದು ವೈರಿನಿಂದ.

ಕೇಬಲ್ ಶುದ್ಧ ತಾಮ್ರದ್ದೇ ಇರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಿಸಿಎ ಎಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಕೆಂಪಿನ ಕೆಳಗೆ ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ. ಎಳೆಯನ್ನು ನಾಲ್ಕೈದು ಸಲ ಹಿಂದೆ ಮುಂದೆ ಬಗ್ಗಿಸಿದರೆ ಪಟ್ಟನೆ ಮುರಿಯುವುದೂ ಅದೇ. ಹೊರಗೆ ಓಡುವ ಭಾಗಕ್ಕೆ ಕಪ್ಪು ಪಾಲಿಥೀನ್ ಹೊದಿಕೆಯ ಔಟ್‌ಡೋರ್ ಕೇಬಲ್ ಬೇಕು. ಮನೆಯೊಳಗಿನ ಬೂದು ಕೇಬಲ್ಲನ್ನು ಬಿಸಿಲಿಗೆ ಬಿಟ್ಟರೆ ಹೊದಿಕೆ ಬಿರಿದು ನೀರು ಒಳಗಿಳಿಯುತ್ತದೆ. ಪಿವಿಸಿ ಪೈಪಿನೊಳಗೆ ಹಾಕಿ, ಇಲ್ಲದಿದ್ದರೆ ಅಳಿಲು ಬಿಡುವುದಿಲ್ಲ.

ಕ್ರಿಂಪ್ ಮಾಡುವಾಗ (ವೈರಿನ ತುದಿಗೆ ಪ್ಲಗ್ ಒತ್ತುವಾಗ) ಬಣ್ಣದ ಕ್ರಮ ಎರಡೂ ತುದಿಯಲ್ಲಿ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ಮಧ್ಯೆ ನೀಲಿ ಜೋಡಿ ಕೂರುವುದು ತಪ್ಪಲ್ಲ, ಅದು ಹಾಗೇ ಇರಬೇಕು. ನೋಡಲು ಚೆಂದ ಎಂದು ಬಣ್ಣದ ಪಕ್ಕ ಬಣ್ಣ ಜೋಡಿಸಿ ಎರಡೂ ತುದಿಯಲ್ಲಿ ಒಂದೇ ಥರ ಒತ್ತಿದರೆ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಆದರೆ 3 ಮತ್ತು 6ನೇ ಪಿನ್ನಿಗೆ ಬೇರೆ ಬೇರೆ ಜೋಡಿಯ ಎಳೆ ಹೋಗಿರುತ್ತದೆ. ಎರಡು ಮೀಟರಿನಲ್ಲಿ ನಡೆಯುತ್ತದೆ, 35 ಮೀಟರಿನಲ್ಲಿ ಲಿಂಕ್ ಬಿಟ್ಟು ಬಿಟ್ಟು ಬರುತ್ತದೆ. ಟೆಸ್ಟರ್ ಸರಿ ಇದೆ ಅಂದಿತಲ್ಲ ಎಂದು ಕ್ಯಾಮೆರಾ ಬದಲಿಸುವವರಿದ್ದಾರೆ.

ಪಿಒಇ ಸ್ವಿಚ್ಚಿನ ಪಕ್ಕದಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ, ಎಕ್ಸ್‌ಟೆಂಡ್ ಮತ್ತು ವಿಎಲ್ಯಾನ್ ಎಂದು ಬರೆದಿರುತ್ತದೆ. ಎಕ್ಸ್‌ಟೆಂಡ್ ಕಡೆಗಿದ್ದರೆ 250 ಮೀಟರ್ ವರೆಗೆ ಎನ್ನುವ ಆಸೆಗೆ ಪೋರ್ಟಿನ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ನಿಮಗೆ ಬೇಡ. ವಿಎಲ್ಯಾನ್ ಕಡೆಗಿಟ್ಟರೆ ಕ್ಯಾಮೆರಾಗಳು ಒಂದರೊಡನೊಂದು ಮಾತಾಡಲಾರವು, ಅಪ್‌ಲಿಂಕ್ ಪೋರ್ಟಿನ ಜೊತೆ ಮಾತ್ರ ಸಂಪರ್ಕ. ಡೆಸ್ಕ್‌ಟಾಪನ್ನು ಅಪ್‌ಲಿಂಕಿಗೆ ಸಿಕ್ಕಿಸಿ ಗುಂಡಿಯನ್ನು ಅಲ್ಲೇ ಇಡಿ.

ಕೊಟ್ಟಿಗೆ ಬೇರೆ ಕಟ್ಟಡ ಎಂದಿರಿ. ಏಪ್ರಿಲ್-ಮೇ ಗುಡುಗು ಸಿಡಿಲಿನಲ್ಲಿ ಎರಡು ಕಟ್ಟಡಗಳ ನಡುವಿನ ತಾಮ್ರದ ವೈರು ಸ್ವಿಚ್ಚಿನ ಎಲ್ಲ ಪೋರ್ಟುಗಳನ್ನೂ ಒಮ್ಮೆಗೇ ಕೊಂಡೊಯ್ಯಬಲ್ಲದು, ಅದರ ಹಿಂದೆ ಡೆಸ್ಕ್‌ಟಾಪಿನ ಕಾರ್ಡೂ ಹೋಗಬಹುದು. ಒಳ್ಳೆಯ ದಾರಿ ಫೈಬರ್: ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಬೆಳಕಿಗೆ ಬದಲಿಸುವ ಡಬ್ಬಿ), ನಡುವೆ ತುದಿ ಕಟ್ಟಿಸಿದ ಡ್ರಾಪ್ ಕೇಬಲ್. ಒಂದೇ ಎಳೆಯ ಕನ್ವರ್ಟರ್ ತಂದರೆ ಒಂದು ಎ, ಇನ್ನೊಂದು ಬಿ ಇರಬೇಕು. ಒಂದು 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ತಿರುಗುಮುರುಗು. ಎರಡೂ ಎ ಆಗಿಬಿಟ್ಟರೆ ಲಿಂಕ್ ದೀಪ ಹತ್ತುವುದೇ ಇಲ್ಲ. ಕೊಟ್ಟಿಗೆಯಲ್ಲಿ ಕನ್ವರ್ಟರ್ ಮತ್ತು ಪಿಒಇ ಇಂಜೆಕ್ಟರಿಗೆ (ನೆಟ್‌ವರ್ಕ್ ವೈರಿಗೆ ಕರೆಂಟ್ ಸೇರಿಸುವ ಡಬ್ಬಿ) ಕರೆಂಟ್ ಬೇಕಾಗುತ್ತದೆ, ಆ ಸಾಕೆಟ್ಟಿಗೂ ಇನ್ವರ್ಟರ್ ಲೈನ್ ಸಿಗುತ್ತದೆಯೇ ನೋಡಿ. ತಾಮ್ರವೇ ಹಾಕುತ್ತೇನೆ ಎಂದರೆ ಎರಡೂ ತುದಿಯಲ್ಲಿ ಪಿಒಇ ಸರ್ಜ್ ಪ್ರೊಟೆಕ್ಟರ್ ಹಾಕಿ ಅದರ ಹಸಿರು ವೈರನ್ನು ನಿಜವಾದ ಅರ್ತಿಂಗಿಗೆ ಕೊಡಿ. ಅರ್ತಿಂಗ್ ಕೊಡದ ಪ್ರೊಟೆಕ್ಟರ್ ಬರೀ ಅಲಂಕಾರ.

ಕ್ಯಾಮೆರಾದ ಬಾಲದ ಕನೆಕ್ಟರನ್ನು ಗೋಡೆಯ ಮೇಲೆ ನೇತುಬಿಡಬೇಡಿ. ಜಂಕ್ಷನ್ ಬಾಕ್ಸಿನೊಳಗೆ ಇಡಿ, ಕೇಬಲ್ ಕೆಳಗಿನಿಂದ ಒಳಗೆ ಹೋಗಲಿ, ಹೋಗುವ ಮುಂಚೆ ಯು ಆಕಾರದಲ್ಲಿ ಸ್ವಲ್ಪ ಇಳಿದು ಏರಲಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಗೇಟ್‌ವೇ_ಇಲ್ಲ

ಲೆನ್ಸ್ ಬಗ್ಗೆ ಸೇರಿಸ್ತೀನಿ. ಅಂಗಡಿಯಲ್ಲಿ ಕೇಳದಿದ್ದರೆ ಕೊಡೋದು 2.8 ಎಂಎಂ. ಅದು ಸುಮಾರು 105 ಡಿಗ್ರಿ ನೋಡುತ್ತೆ, 5 ಮೀಟರ್ ದೂರದಲ್ಲಿ 13 ಮೀಟರ್ ಅಗಲ. 1920 ಪಿಕ್ಸೆಲ್ ಅಷ್ಟು ಅಗಲಕ್ಕೆ ಹಂಚಿದರೆ ಮೀಟರಿಗೆ 147. ಅಪರಿಚಿತನ ಮುಖ ಗುರುತಿಸೋಕೆ ಮೀಟರಿಗೆ 250 ಪಿಕ್ಸೆಲ್ ಬೇಕು ಅನ್ನೋದು ಕ್ಯಾಮೆರಾದವರ ಅಳತೆಗೋಲು, ಗೊತ್ತಿರೋರನ್ನು ಗುರುತಿಸೋಕೆ 125. ಅಂಗಳಕ್ಕೆ 2.8 ಸರಿ. ಗೇಟಿಗೆ ಮಾತ್ರ 6 ಎಂಎಂ ಹಾಕಿ, ಅದೇ 5 ಮೀಟರಿನಲ್ಲಿ ಮೀಟರಿಗೆ 390ರ ಆಸುಪಾಸು ಸಿಗುತ್ತೆ. ಮೆಗಾಪಿಕ್ಸೆಲ್‌ಗೆ ದುಡ್ಡು ಸುರಿಯೋದಕ್ಕಿಂತ ಇದು ಮೇಲು.

ಫ್ರಿಗೇಟ್ ಹಾಕುವಾಗ ಎಲ್ಲರೂ ಎಡವೋ ಜಾಗ: ಡಾಕರ್ ತೆರೆದ ಪೋರ್ಟುಗಳು ಲಿನಕ್ಸಿನ ಯುಎಫ್‌ಡಬ್ಲ್ಯು ಫೈರ್‌ವಾಲನ್ನು ದಾಟಿ ಹೋಗ್ತವೆ. ಯುಎಫ್‌ಡಬ್ಲ್ಯುನಲ್ಲಿ ಮುಚ್ಚಿದ್ದೀನಿ ಅಂತ ನೆಮ್ಮದಿಯಾಗಿರಬೇಡಿ. ಫ್ರಿಗೇಟಿನ 5000 ಪೋರ್ಟಿಗೆ ಲಾಗಿನ್ ಇಲ್ಲ, ಅದನ್ನು ಹೊರಗೆ ತೆರೆಯಲೇಬೇಡಿ. ಲಾಗಿನ್ ಇರೋದು 8971, ಅದನ್ನೂ ಮನೆ ಕಡೆಯ ವಿಳಾಸಕ್ಕೆ ಮಾತ್ರ ಕಟ್ಟಿ. ಮೊದಲ ಸಲ ಓಡಿದಾಗ ಅಡ್ಮಿನ್ ಪಾಸ್‌ವರ್ಡ್ ಫ್ರಿಗೇಟಿನ ಲಾಗ್ ಸಾಲುಗಳೊಳಗೆ ಬರೆದಿರುತ್ತೆ. ಬ್ರೌಸರ್ ಸರ್ಟಿಫಿಕೇಟ್ ಎಚ್ಚರಿಕೆ ಕೊಡುತ್ತೆ, ನಿಮ್ಮದೇ ಯಂತ್ರ, ಮುಂದುವರೀಬಹುದು.

ಇನ್ನೊಂದು. ಡಾಕರ್ ಕರ್ನಲ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಕಾರ್ಡಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸೋದು) ಆನ್ ಮಾಡುತ್ತೆ. ಆದ್ದರಿಂದ "ಎರಡು ಕಾರ್ಡಿನ ನಡುವೆ ಲಿನಕ್ಸ್ ತಾನಾಗಿ ದಾಟಿಸಲ್ಲ" ಅಂತ ಅಂದುಕೊಂಡು ಬಿಡಬೇಡಿ. ಫೈರ್‌ವಾಲಿನ ಡಾಕರ್-ಯೂಸರ್ ಚೈನಿನಲ್ಲಿ (ನಿಯಮಗಳ ಪಟ್ಟಿ) ಕ್ಯಾಮೆರಾ ಕಾರ್ಡಿಂದ ಒಳಬಂದು ರೂಟರ್ ಕಾರ್ಡಿಂದ ಹೊರಹೋಗೋ ಪ್ಯಾಕೆಟ್ ಎಲ್ಲ ಡ್ರಾಪ್ ಅಂತ ಒಂದು ಸಾಲು ಹಾಕಿ, ಅದೇ ರೀತಿ ಐಪಿವಿ6ಗೂ. ಆಮೇಲೆ ಕ್ಯಾಮೆರಾ ಕಾರ್ಡಿನ ಮೇಲೆ ಟಿಸಿಪಿಡಂಪ್ (ಓಡಾಡೋ ಪ್ಯಾಕೆಟ್ ತೋರಿಸೋ ಪ್ರೋಗ್ರಾಮ್) ಓಡಿಸಿ, 554ನ್ನು ಬಿಟ್ಟು ಉಳಿದದ್ದು ತೋರಿಸು ಅನ್ನಿ. ಕ್ಲೌಡ್ ಆಫ್ ಮಾಡಿದ ಮೇಲೂ ಕ್ಯಾಮೆರಾ ಯಾವುದಾದರೂ ಹೆಸರನ್ನು ಡಿಎನ್‌ಎಸ್‌ನಲ್ಲಿ (ಹೆಸರಿಂದ ವಿಳಾಸ ಹುಡುಕೋ ವ್ಯವಸ್ಥೆ) ಮತ್ತೆ ಮತ್ತೆ ಕೇಳ್ತಾ ಇದ್ದರೆ ಅಲ್ಲೇ ಕಾಣುತ್ತೆ. ಕೇಳಲಿ ಬಿಡಿ. ಉತ್ತರ ಬರದಿದ್ದರೆ ನಿಮ್ಮ ಕೆಲಸ ಸರಿಯಾಗಿದೆ.

ಅಡಿಕೆ_ಅಂಗಳ

ಎಲ್ಲರಿಗೂ ಧನ್ಯವಾದ. ಕಾರ್ಡ್, ಸ್ವಿಚ್, ಫ್ರಿಗೇಟ್ ಎಲ್ಲ ಹೇಳಿದ ಹಾಗೇ ಕೂತಿದೆ, ಗೇಟೂ ಅಂಗಳವೂ ಚೆನ್ನಾಗಿ ಬರ್ತಿವೆ. ಈಗ ಉಳಿದಿರೋದು:

ಕೊಟ್ಟಿಗೆಯಲ್ಲಿ ಫೈಬರ್ ಇನ್ನೂ ಹಾಕಿಲ್ಲ. ಸದ್ಯಕ್ಕೆ ಹಳೆ ಕೇಬಲ್ಲಿಗೆ ಅಂಗಡಿಯವರು ಕೊಟ್ಟ ಪಿಒಇ ಸ್ಪ್ಲಿಟರ್ ಜೋಡಿ, ಮನೆ ಕಡೆಯಿಂದ 12 ವೋಲ್ಟ್ ಅಡಾಪ್ಟರ್. ಹಗಲೆಲ್ಲ ಸರಿ ಇರುತ್ತೆ, ಕತ್ತಲಾದ ತಕ್ಷಣ ಕ್ಯಾಮೆರಾ ರೀಸ್ಟಾರ್ಟ್ ಆಗ್ತಾನೇ ಇರುತ್ತೆ. ಕರೆಂಟ್ ಹೋಗಿ ಬಂದ ಮೇಲೆ ಚಿತ್ರದ ಮೇಲಿನ ತಾರೀಕು 1970 ತೋರಿಸುತ್ತೆ. ರೆಕಾರ್ಡಿಂಗಿನಲ್ಲಿ ಧ್ವನಿ ಇಲ್ಲ. ಹೊರಗಿಂದ ನೋಡೋಕೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ (ಹೊರಗಿಂದ ಒಳಗೆ ದಾರಿ ತೆರೆದೆ), ಕೆಲಸ ಮಾಡ್ತಿಲ್ಲ.

ಕ್ರಿಂಪಿಂಗ್_ಟೂಲ್

ಕೊಟ್ಟಿಗೆಯದು ವೋಲ್ಟೇಜ್ ಇಳಿತ. ಆ ಸ್ಪ್ಲಿಟರ್ ಜೋಡಿ ನಿಜವಾದ ಪಿಒಇ ಅಲ್ಲ, 4-5 ಮತ್ತು 7-8 ಎಳೆಗಳಲ್ಲಿ 12 ವೋಲ್ಟನ್ನು ಹಾಗೇ ತಳ್ಳುತ್ತದೆ. ಕ್ಯಾಟ್5ಇ ತಾಮ್ರದ ಒಂದು ಎಳೆ ಮೀಟರಿಗೆ ಸುಮಾರು 0.094 ಓಮ್. 35 ಮೀಟರಿಗೆ ಹೋಗಿಬರುವ ದಾರಿ, ಎರಡೆರಡು ಎಳೆ ಜೊತೆಗೆ, ಒಟ್ಟು 3.3 ಓಮ್. ಹಗಲು ಕ್ಯಾಮೆರಾ 3 ವ್ಯಾಟ್ ಎಳೆದರೆ ಅದಕ್ಕೆ 11 ವೋಲ್ಟ್ ಮುಟ್ಟುತ್ತದೆ. ರಾತ್ರಿ ಐಆರ್ ದೀಪ (ಕತ್ತಲಲ್ಲಿ ನೋಡಲು ಇರುವ ಇನ್‌ಫ್ರಾರೆಡ್ ದೀಪ) ಹತ್ತಿ 7 ವ್ಯಾಟ್ ಆದರೆ 9.6ಕ್ಕೆ ಕುಸಿಯುತ್ತದೆ. ವೋಲ್ಟೇಜ್ ಇಳಿದಷ್ಟೂ ಕ್ಯಾಮೆರಾ ಹೆಚ್ಚು ಆಂಪಿಯರ್ ಎಳೆಯುತ್ತದೆ, ಎಳೆದಷ್ಟೂ ಇನ್ನೂ ಇಳಿಯುತ್ತದೆ. ಹಳೆ ಕೇಬಲ್ ಸಿಸಿಎ ಆಗಿದ್ದರೆ ರೋಧ 5.2 ಓಮ್ ಹತ್ತಿರ, ಆಗ ಆ ವೈರಿನಲ್ಲಿ ಹೆಚ್ಚೆಂದರೆ 6.9 ವ್ಯಾಟ್ ದಾಟೀತು. ಏಳು ಬೇಕಾದ ಕ್ಯಾಮೆರಾ ನಿಲ್ಲುವುದಾದರೂ ಹೇಗೆ? ರೀಸ್ಟಾರ್ಟ್ ಆಗಿ ಐಆರ್ ಹತ್ತಿದ ಕೂಡಲೇ ಮತ್ತೆ ಬೀಳುತ್ತದೆ.

15 ವೋಲ್ಟ್ ಅಡಾಪ್ಟರ್ ಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಹಗಲು ಹೊತ್ತಿನಲ್ಲಿ ಆ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿ ಕ್ಯಾಮೆರಾಕ್ಕೆ ಬಡಿಯುತ್ತದೆ. ಸ್ಪ್ಲಿಟರ್ ತೆಗೆದು ನೇರ ಪಿಒಇ ಸ್ವಿಚ್ಚಿಗೆ ಸಿಕ್ಕಿಸಿ. 48 ವೋಲ್ಟಿನಲ್ಲಿ ಅದೇ 7 ವ್ಯಾಟಿಗೆ ಬರೀ 0.15 ಆಂಪಿಯರ್, ಅರ್ಧ ವೋಲ್ಟ್ ಇಳಿತ. ಮೊದಲ ಗುಡುಗಿನ ಮುಂಚೆ ಫೈಬರ್ ಹಾಕಿಸಿ.

ಗೇಟ್‌ವೇ_ಇಲ್ಲ

1970: ಕ್ಯಾಮೆರಾದೊಳಗೆ ಗಡಿಯಾರದ ಬ್ಯಾಟರಿ ಇಲ್ಲ, ಎದ್ದಾಗ ಇಂಟರ್ನೆಟ್ಟಿಂದ ಟೈಮ್ ಕೇಳುತ್ತೆ, ನಿಮ್ಮಲ್ಲಿ ಆ ದಾರಿ ಮುಚ್ಚಿದೆ. ಡೆಸ್ಕ್‌ಟಾಪನ್ನೇ ಟೈಮ್ ಸರ್ವರ್ ಮಾಡಿ. ಕ್ರೋನಿ ಅನ್ನೋ ಟೈಮ್ ಪ್ರೋಗ್ರಾಮ್ ಹಾಕಿ, ಅದರ ಕಾನ್ಫಿಗ್ ಫೈಲಿನಲ್ಲಿ 192.168.50.0/24ಗೆ ಅಲೋ ಅಂತ ಒಂದು ಸಾಲು, ಲೋಕಲ್ ಸ್ಟ್ರಾಟಮ್ 10 ಅಂತ ಇನ್ನೊಂದು ಸಾಲು. ಎರಡನೆಯದು ಇಲ್ಲದಿದ್ದರೆ ಇಂಟರ್ನೆಟ್ ಇಲ್ಲದಾಗ ಡೆಸ್ಕ್‌ಟಾಪ್ ಬೂಟ್ ಆದರೆ ಕ್ರೋನಿ "ನನಗೇ ಸರಿಯಾದ ಟೈಮ್ ಗೊತ್ತಿಲ್ಲ" ಅಂತ ಕ್ಯಾಮೆರಾಕ್ಕೆ ಹೇಳುತ್ತೆ, ಕ್ಯಾಮೆರಾ ಒಪ್ಪಲ್ಲ. ಯುಡಿಪಿ 123 ತೆರೆಯಿರಿ. ಕ್ಯಾಮೆರಾದಲ್ಲಿ ಎನ್‌ಟಿಪಿ (ಟೈಮ್) ಸರ್ವರ್ 192.168.50.1, ಟೈಮ್ ಝೋನ್ +5:30. ಹಾಗೇ ಡೆಸ್ಕ್‌ಟಾಪ್ ಬಿಚ್ಚಿ ಬೋರ್ಡ್ ಮೇಲಿನ ಸಿಆರ್2032 ಸೆಲ್ ಬದಲಿಸಿಬಿಡಿ. ಹಳೆ ಆಫೀಸ್ ಯಂತ್ರಗಳಲ್ಲಿ ಅದು ಸತ್ತಿರೋದೇ ಜಾಸ್ತಿ, ಸತ್ತಿದ್ದರೆ ಸರ್ವರ್ರೇ ತಪ್ಪು ಟೈಮ್ ಹಂಚುತ್ತೆ. ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗೋ ಆಯ್ಕೆ ಇರುತ್ತೆ, ಅದನ್ನೂ ಹಾಕಿ. ಇನ್ವರ್ಟರ್ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ.

ಅಂದ ಹಾಗೆ ಫ್ರಿಗೇಟ್ ಫೈಲುಗಳ ಟೈಮ್ ಡೆಸ್ಕ್‌ಟಾಪಿನದ್ದು, ಚಿತ್ರದ ಮೇಲೆ ಮೂಡೋದು ಮಾತ್ರ ಕ್ಯಾಮೆರಾದ್ದು. ಈವರೆಗಿನ ರೆಕಾರ್ಡಿಂಗ್ ಹುಡುಕೋಕೆ ತೊಂದರೆ ಇಲ್ಲ.

ಧ್ವನಿ: ಕ್ಯಾಮೆರಾ ಜಿ.711 ಅನ್ನೋ ಧ್ವನಿ ರೂಪದಲ್ಲಿ ಕಳಿಸ್ತಿರುತ್ತೆ, ಎಂಪಿ4 ಫೈಲಿಗೆ ಅದು ಹೊಂದಲ್ಲ. ಫ್ರಿಗೇಟಿನ ರೆಕಾರ್ಡ್ ಪ್ರೀಸೆಟ್‌ಗಳಲ್ಲಿ ಎಎಸಿಗೆ (ಎಂಪಿ4ಗೆ ಹೊಂದೋ ಧ್ವನಿ ರೂಪ) ಪರಿವರ್ತಿಸೋದು ಆರಿಸಿ. ಗೇಟಿನ ಕ್ಯಾಮೆರಾ ರಸ್ತೆಯವರ ಮಾತನ್ನೂ ಹಿಡಿಯುತ್ತೆ ಅನ್ನೋದು ನೆನಪಿರಲಿ, ಅಲ್ಲಿ ಆಫ್ ಇಡೋದೇ ಮರ್ಯಾದೆ.

ಪೋರ್ಟ್ ಫಾರ್ವರ್ಡ್ ಈಗಲೇ ತೆಗೆಯಿರಿ. ಕೆಲಸ ಮಾಡ್ತಿಲ್ಲ ಅನ್ನೋದು ನಿಮ್ಮ ಅದೃಷ್ಟ. ರೂಟರಿನ ವ್ಯಾನ್ (ಹೊರಗಿನ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ, ಅಥವಾ 10ರಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್ (ಎಷ್ಟೋ ಮನೆಗಳಿಗೆ ಇಂಟರ್ನೆಟ್ ಕಂಪನಿ ಒಂದೇ ಹೊರ ವಿಳಾಸ ಹಂಚೋದು) ಹಿಂದೆ ಇದ್ದೀರಿ, ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರೋಕಾಗಲ್ಲ. ಟೇಲ್‌ಸ್ಕೇಲನ್ನು ಡೆಸ್ಕ್‌ಟಾಪಿಗೂ ಫೋನಿಗೂ ಹಾಕಿ. ಅದು ವೈರ್‌ಗಾರ್ಡ್ ಅನ್ನೋ ಗೂಢಲಿಪಿಯ ಸುರಂಗ, ಸಿಜಿನ್ಯಾಟ್ ದಾಟುತ್ತೆ. ಟೇಲ್‌ಸ್ಕೇಲಿನ ವಿಳಾಸದಲ್ಲಿ 8971 ತೆರೆದರೆ ಫ್ರಿಗೇಟ್ ಸಿಗಬೇಕು. ಸಿಗದಿದ್ದರೆ ಪೋರ್ಟನ್ನು ಮನೆ ವಿಳಾಸಕ್ಕೆ ಮಾತ್ರ ಕಟ್ಟಿದ್ದೀರಿ, ಟೇಲ್‌ಸ್ಕೇಲ್ ವಿಳಾಸಕ್ಕೂ ಇನ್ನೊಂದು ಸಾಲು ಸೇರಿಸಿ. 192.168.50 ಸರಣಿಯನ್ನು ಟೇಲ್‌ಸ್ಕೇಲಿಗೆ ಹಂಚಬೇಡಿ. ಹಂಚಿದರೆ ಫೋನಿಗೂ ಕ್ಯಾಮೆರಾಕ್ಕೂ ನೇರ ದಾರಿ ಬಿಚ್ಚಿಕೊಳ್ಳುತ್ತೆ, ಇಷ್ಟು ಕಷ್ಟಪಟ್ಟು ಮುಚ್ಚಿದ್ದೇ ಅದನ್ನ.

ಅಡಿಕೆ_ಅಂಗಳ

ಸ್ವಿಚ್ಚಿಗೆ ನೇರ ಹಾಕಿದೆ, ಕೊಟ್ಟಿಗೆ ರೀಸ್ಟಾರ್ಟ್ ನಿಂತಿತು. ಟೈಮ್ ಸರಿಯಾಯ್ತು. ಕೊನೇ ಪ್ರಶ್ನೆ: ರಾತ್ರಿ ಇಡೀ ಕೊಟ್ಟಿಗೆ ಕ್ಯಾಮೆರಾ ಚಲನೆ ಚಲನೆ ಅಂತ ರೆಕಾರ್ಡ್ ಮಾಡ್ತಾನೇ ಇರುತ್ತೆ. ನೋಡಿದರೆ ಲೆನ್ಸ್ ಮೇಲೆ ಹಲ್ಲಿ.

ಪೋರ್ಟ್554

ಐಆರ್ ದೀಪಕ್ಕೆ ಹುಳ ಬರುತ್ತೆ, ಹುಳಕ್ಕೆ ಹಲ್ಲಿ ಮತ್ತು ಜೇಡ. ಜೇಡನ ಒಂದು ಎಳೆ ಲೆನ್ಸಿನ ಮುಂದೆ ಇದ್ದರೆ ಐಆರ್ ಬೆಳಕಿಗೆ ಹಗ್ಗದಷ್ಟು ದಪ್ಪ ಬೆಳ್ಳಗೆ ಕಾಣುತ್ತೆ, ಗಾಳಿಗೆ ಆಡ್ತಾ ಇರುತ್ತೆ. ಕ್ಯಾಮೆರಾದ ಐಆರ್ ಆಫ್ ಮಾಡಿ, ಬೇರೆ 12 ವೋಲ್ಟಿನ ಐಆರ್ ದೀಪವೊಂದನ್ನು ಮೂರ್ನಾಲ್ಕು ಅಡಿ ದೂರದಲ್ಲಿ ಹಾಕಿ. ಸಂತೆಯೆಲ್ಲ ಅಲ್ಲಿಗೆ ಹೋಗುತ್ತೆ. ಅದರ ಅಡಾಪ್ಟರನ್ನು ಕೊಟ್ಟಿಗೆಯ ಸಾಕೆಟ್ಟಿಗೇ ಹಾಕಿ, ಮತ್ತೆ ಮನೆಯಿಂದ ವೈರ್ ಎಳೆಯಬೇಡಿ. ಬಿಳಿ ಗೋಡೆ ಅಥವಾ ಹಂಚಿನ ಅಂಚು ಚಿತ್ರದ ಮೂಲೆಯಲ್ಲಿ ಬರ್ತಿದ್ದರೆ ಕ್ಯಾಮೆರಾ ಸ್ವಲ್ಪ ತಿರುಗಿಸಿ, ಅದು ಬೆಳಕು ವಾಪಸ್ ಹೊಡೆದು ಉಳಿದದ್ದೆಲ್ಲ ಕಪ್ಪಾಗಿಸುತ್ತೆ.

ಫ್ರಿಗೇಟಿನಲ್ಲಿ ಚಲನೆ ಆಧಾರದ ಉಳಿಕೆ ಬಿಟ್ಟು, ಗುರುತಿಸಿದ ವಸ್ತು ಇದ್ದಾಗ ಮಾತ್ರ ಉಳಿಸು ಅನ್ನಿ. ನೀವು ಏನೂ ಹೇಳದಿದ್ದರೆ ಅದು ಹುಡುಕೋದು ಮನುಷ್ಯರನ್ನು ಮಾತ್ರ. ದನ ಹಗ್ಗ ಬಿಚ್ಚಿಕೊಂಡು ಹೋದದ್ದು ಗೊತ್ತಾಗಬೇಕಾದರೆ ಕೌ ಅನ್ನೋ ಲೇಬಲ್ ಸೇರಿಸಿ, ಆದರೆ ಕೊಟ್ಟಿಗೆಯ ಒಳಗಲ್ಲ, ಬಾಗಿಲಾಚೆಗೆ ಮಾತ್ರ ಒಂದು ವಲಯ ಬರೆದು ಆ ವಲಯಕ್ಕೆ ಅಲರ್ಟ್ ಕೊಡಿ. ನಿಮ್ಮ ಕಡೆ ಚಿರತೆ ಬರೋದಿದ್ದರೆ, ಫ್ರಿಗೇಟಿನ ಜೊತೆಗೆ ಬರೋ, ವಸ್ತು ಗುರುತಿಸೋ ಮಾಡೆಲಿನಲ್ಲಿ ಚಿರತೆ ಅನ್ನೋ ಲೇಬಲ್ಲೇ ಇಲ್ಲ. ನಾಯಿ, ಬೆಕ್ಕು ಎರಡನ್ನೂ ಸೇರಿಸಿಡಿ, ಬಂದರೆ ಆ ಎರಡರಲ್ಲೊಂದರ ಹೆಸರಲ್ಲೇ ಬರಬಹುದು.